ಕಣ್ಣೊಳಗಿನ ಲೆನ್ಸ್ ಜಾರಿದೆ ಎಂದರೆ ಏನು ಮಾಡಬೇಕು? ಹಂತ ಹಂತದ ಮಾರ್ಗದರ್ಶಿ

"ಅಮ್ಮನಿಗೆ ಹತ್ತು ವರ್ಷದ ಹಿಂದೆ ಪೊರೆ ಆಪರೇಷನ್ ಆಗಿತ್ತು. ಇಷ್ಟು ದಿನ ಚೆನ್ನಾಗಿಯೇ ಕಾಣುತ್ತಿತ್ತು. ಈಗ ಡಾಕ್ಟರು ಲೆನ್ಸ್ ಜಾರಿದೆ, ಮತ್ತೆ ಆಪರೇಷನ್ ಬೇಕು ಅನ್ನುತ್ತಿದ್ದಾರೆ. ನಿಜವೇ? ಲೆನ್ಸ್ ಹಾಗೆಲ್ಲ ಜಾರುತ್ತದೆಯೇ?"

ಕಣ್ಣಿನ ಆರೋಗ್ಯದ ಬಗ್ಗೆ ಬರೆಯುವಾಗೆಲ್ಲ ಓದುಗರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿದಿರುತ್ತಾರೆ. ಗಾಬರಿಯಾಗಿ, ನಾಳೆಯೇ ಆಪರೇಷನ್ ಎಂದ ಮೊದಲ ಆಸ್ಪತ್ರೆಗೆ ಸೇರಿಬಿಡುವುದು ಒಂದು. ನೋವಿಲ್ಲವಲ್ಲ, ಹಬ್ಬ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ತಿಂಗಳುಗಟ್ಟಲೆ ತಳ್ಳುವುದು ಇನ್ನೊಂದು. ಎರಡೂ ಬೇಡ. ಜಾರಿದ ಲೆನ್ಸನ್ನು ರಾತ್ರೋರಾತ್ರಿ ಸರಿಪಡಿಸಬೇಕಾದ ಸಂದರ್ಭಗಳು ಕಡಿಮೆ. ಆದರೆ ಲೆನ್ಸ್ ಜಾರಿದ ಕಣ್ಣಿನ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ಹೇಗಿದೆ ಎಂದು ತಡಮಾಡದೆ ನೋಡಿಸಲೇಬೇಕು. ಈ ಲೇಖನದಲ್ಲಿ ನಾನು ಹೇಳುವ ಬಹುತೇಕ ಎಲ್ಲವೂ ಈ ಮಾತಿಗೇ ಬಂದು ಸೇರುತ್ತದೆ.

ಒಳಗೆ ಏನಾಗಿರುತ್ತದೆ?

ಕಣ್ಣಿನ ಪಾಪೆಯ ಹಿಂದೆ ನಮ್ಮ ಹುಟ್ಟಿನಿಂದ ಇರುವ ಲೆನ್ಸಿನ ಸುತ್ತ ತೆಳ್ಳನೆಯ ಚೀಲವೊಂದಿದೆ. ಡಾಕ್ಟರುಗಳು ಬ್ಯಾಗ್ ಎನ್ನುವುದು ಇದನ್ನೇ. ಚಪ್ಪರದ ಬಟ್ಟೆಯನ್ನು ಸುತ್ತಲೂ ಹಗ್ಗ ಎಳೆದು ಬಿಗಿಯುವಂತೆ, ಈ ಚೀಲವನ್ನು ಕೂದಲಿಗಿಂತ ಸಣ್ಣ ಎಳೆಗಳು ಎಲ್ಲ ದಿಕ್ಕಿನಿಂದಲೂ ಎಳೆದು ಹಿಡಿದಿರುತ್ತವೆ. ಈ ಎಳೆಗಳಿಗೆ ಝೋನ್ಯೂಲ್ ಎಂದು ಹೆಸರು. ಪೊರೆ ಆಪರೇಷನ್‌ನಲ್ಲಿ ಮಬ್ಬಾದ ಲೆನ್ಸನ್ನು ತೆಗೆದು ಚೀಲವನ್ನು ಉಳಿಸಿಕೊಳ್ಳುತ್ತಾರೆ. ಅದರೊಳಗೆ ಕೃತಕ ಲೆನ್ಸ್ ಕೂರಿಸುತ್ತಾರೆ. ಈ ಲೆನ್ಸಿನ ನಡುವೆ ಸುಮಾರು 6 ಮಿಲಿಮೀಟರ್ ಅಗಲದ ಬಿಲ್ಲೆ, ಎರಡು ಪಕ್ಕದಲ್ಲಿ ಬಾಗಿದ ಕಾಲುಗಳು. ಕಾಲುಗಳಿಗೆ ಹ್ಯಾಪ್ಟಿಕ್ ಎನ್ನುತ್ತಾರೆ. ಕಾಲುಗಳನ್ನೂ ಸೇರಿಸಿ ಅಳೆದರೆ ಉದ್ದ 12–13 ಮಿಲಿಮೀಟರ್.

ಈ ಏರ್ಪಾಡು ಎರಡು ರೀತಿಯಲ್ಲಿ ಕೆಡುತ್ತದೆ. ಆಪರೇಷನ್ ಆದ ಮೊದಲ ಮೂರು ತಿಂಗಳೊಳಗೆ ಜಾರಿದರೆ, ಸಾಮಾನ್ಯವಾಗಿ ಲೆನ್ಸ್ ಚೀಲದಿಂದ ಹೊರಬಂದಿರುತ್ತದೆ. ಚೀಲ ಹರಿದಿರಬಹುದು, ಇಲ್ಲವೇ ಒಂದು ಕಾಲು ಒಳಗೆ, ಇನ್ನೊಂದು ಹೊರಗೆ ಕೂತಿರಬಹುದು. ವರ್ಷಗಳ ನಂತರ ಜಾರುವುದರ ಕಥೆ ಬೇರೆ. ಅಲ್ಲಿ ಲೆನ್ಸ್ ಚೀಲದೊಳಗೇ ಭದ್ರವಾಗಿದೆ, ಸಡಿಲವಾಗಿರುವುದು ಎಳೆಗಳು. ಹಾಗಾಗಿ ಚೀಲ, ಲೆನ್ಸ್ ಎರಡೂ ಒಟ್ಟಿಗೇ ಜಾರುತ್ತವೆ. ಓದುಗರ ಅಮ್ಮಂದಿರು, ಅಪ್ಪಂದಿರು ಹೆಚ್ಚಾಗಿ ಈ ಎರಡನೆಯ ಗುಂಪಿನವರು. ಹಿಂದೆ ಆಪರೇಷನ್ ಮಾಡಿದ ಡಾಕ್ಟರರ ಮೇಲೆ ಸಿಟ್ಟಾಗುವ ಮೊದಲು ಇದನ್ನು ತಿಳಿದಿರಿ. ಹತ್ತು ವರ್ಷ ಚೆನ್ನಾಗಿ ನಿಂತಿದ್ದ ಲೆನ್ಸ್ ಜಾರಲು ಎಳೆಗಳ ಸವೆತವೇ ಕಾರಣವಾಗಿರುವುದು ಹೆಚ್ಚು.

ಎಳೆಗಳು ಸಡಿಲವಾಗಲು ಹಲವು ಕಾರಣಗಳಿವೆ. ಮುಖ್ಯವಾದದ್ದು ಸೂಡೋಎಕ್ಸ್‌ಫೋಲಿಯೇಷನ್: ವಯಸ್ಸಾದವರ ಕಣ್ಣೊಳಗೆ ಬೂದಿಬಣ್ಣದ ಹೊಟ್ಟಿನಂಥ ಪದಾರ್ಥ ಕೂರುವ ತೊಂದರೆ. ದಕ್ಷಿಣ ಭಾರತದ ಹಿರಿಯರಲ್ಲಿ ಇದು ಅಪರೂಪವಲ್ಲ. ಜೊತೆಗೆ ಗ್ಲಾಕೋಮಾವನ್ನೂ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆಯನ್ನೂ ತರಬಹುದು. ಕಣ್ಣಿಗೆ ಬಿದ್ದ ಪೆಟ್ಟು, ಹೆಚ್ಚಿನ ಮೈನಸ್ ನಂಬರ್, ಹಿಂದೆ ಆದ ರೆಟಿನಾ ಆಪರೇಷನ್, ಕಣ್ಣೊಳಗಿನ ಹಳೆಯ ಉರಿಯೂತ, ಮಾರ್ಫಾನ್‌ನಂಥ ಹುಟ್ಟಿನಿಂದ ಬರುವ ಕಾಯಿಲೆಗಳೂ ಕಾರಣವಾಗುತ್ತವೆ.

ಡಾಕ್ಟರರ ಚೀಟಿಯಲ್ಲಿ ಎರಡು ಪದ ಕಾಣಬಹುದು. ಸಬ್‌ಲಕ್ಸೇಷನ್ ಎಂದರೆ ಲೆನ್ಸ್ ಪಕ್ಕಕ್ಕೆ ಸರಿದಿದೆ, ಆದರೆ ಇನ್ನೂ ಪಾಪೆಯ ಹಿಂದೆ ಒಂದಿಷ್ಟು ಕಾಣುತ್ತಿದೆ. ಡಿಸ್‌ಲೊಕೇಷನ್ ಎಂದರೆ ಪೂರ್ತಿ ಜಾಗ ಬಿಟ್ಟಿದೆ, ಬಹುಶಃ ಹಿಂದಿನ ಲೋಳೆಯೊಳಗೆ ಬಿದ್ದಿದೆ. ಈ ಲೋಳೆಗೆ ವಿಟ್ರಿಯಸ್ ಎನ್ನುತ್ತಾರೆ.

ಹಂತ 1: ಮನೆಯಲ್ಲೇ ಗಮನಿಸಿ, ತುರ್ತೇ ಅಲ್ಲವೇ ಗುರುತಿಸಿ

ಗೋಡೆಯ ಕ್ಯಾಲೆಂಡರ್ ಎದುರು ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದೇ ಕಣ್ಣು ತೆರೆದಿದ್ದಾಗಲೂ ಅಕ್ಷರ ಎರಡೆರಡಾಗಿ ಕಂಡರೆ ಲೆನ್ಸ್ ಸರಿದಿರುವ ಸಾಧ್ಯತೆ ಇದೆ. ಬೆಳಕಿನ ಸುತ್ತ ಕಮಾನಿನಂಥ ಗೆರೆ ಕಾಣುವುದು, ತಲೆ ಅಲ್ಲಾಡಿಸಿದಾಗ ದೃಷ್ಟಿಯೂ ನಡುಗುವುದು, ಮಲಗಿದಾಗ ಒಂದು ಥರ ಎದ್ದಾಗ ಇನ್ನೊಂದು ಥರ ಕಾಣುವುದು, ಕನ್ನಡಕದ ನಂಬರ್ ಇದ್ದಕ್ಕಿದ್ದಂತೆ ಬದಲಾಗುವುದು ಕೂಡ ಲಕ್ಷಣಗಳೇ. ಲೆನ್ಸ್ ಪೂರ್ತಿ ಬಿದ್ದಿದ್ದರೆ ಕೈಬೆರಳು ಎಣಿಸುವುದೂ ಕಷ್ಟವಾಗುವಷ್ಟು ಮಂಜಾಗುತ್ತದೆ.

ಕೆಳಗಿನ ಯಾವುದಾದರೂ ಇದ್ದರೆ ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ:

- ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕಿಗಳ ಮಳೆ, ಒಂದು ಮೂಲೆಯಿಂದ ಪರದೆ ಇಳಿದಂತೆ ಕತ್ತಲು. ಇವು ರೆಟಿನಾ ಹರಿದ ಅಥವಾ ಕಳಚಿದ ಸೂಚನೆ.
- ಕಣ್ಣು ಕೆಂಪಾಗಿ ವಿಪರೀತ ನೋವು, ಜೊತೆಗೆ ತಲೆನೋವು, ವಾಂತಿ. ಕಣ್ಣಿನ ಒತ್ತಡ ಏರಿರಬಹುದು.
- ಪಾಪೆಯ ಮುಂದೆ ಗಾಜಿನ ಚೂರಿನಂಥದ್ದು ಹೊಳೆಯುವುದು. ಲೆನ್ಸ್ ಮುಂದಕ್ಕೆ ಬಂದು ಕಾರ್ನಿಯಾಗೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ತಾಗುತ್ತಿರಬಹುದು.
- ಕಣ್ಣಿಗೆ ಪೆಟ್ಟು ಬಿದ್ದ ನಂತರ ದೃಷ್ಟಿ ಹೋಗಿದ್ದರೆ.

ಎಚ್ಚರಿಕೆ: ಕಣ್ಣು ಉಜ್ಜಬೇಡಿ, ಒತ್ತಿ ಮಸಾಜ್ ಮಾಡಬೇಡಿ. ಹರಳೆಣ್ಣೆ, ಜೇನು, ಎದೆಹಾಲು, ನಂದಿಬಟ್ಟಲ ರಸ ಯಾವುದನ್ನೂ ಬಿಡಬೇಡಿ. ಮನೆಯಲ್ಲಿ ಉಳಿದಿರುವ ಹಳೆಯ ಡ್ರಾಪ್ಸ್ ಕೂಡ ಬೇಡ. ಪಾಪೆ ಹಿಗ್ಗಿಸುವ ಹನಿ ಅದರಲ್ಲಿದ್ದರೆ, ಸಡಿಲವಾದ ಲೆನ್ಸ್ ಹಿಗ್ಗಿದ ಪಾಪೆಯಿಂದ ಮುಂದಕ್ಕೆ ನುಗ್ಗಬಹುದು.

ಇನ್ನೆರಡು ಗೊಂದಲಗಳು ಬಹಳ ಜನರ ಸಮಯ ತಿನ್ನುತ್ತವೆ. ಪೊರೆ ಆಪರೇಷನ್ ಆದ ಕೆಲವು ತಿಂಗಳು ಅಥವಾ ವರ್ಷಗಳ ಮೇಲೆ ಲೆನ್ಸಿನ ಹಿಂದಿನ ಚೀಲ ಮಬ್ಬಾಗುವುದುಂಟು. "ಮತ್ತೆ ಪೊರೆ ಬಂದಿದೆ" ಎಂದು ಜನ ಹೇಳುವುದು ಇದನ್ನೇ. ಅದು ನಿಧಾನವಾಗಿ ಬರುತ್ತದೆ, ಯಾಗ್ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತದೆ. ಲೆನ್ಸ್ ಜಾರಿದ್ದಕ್ಕೆ ಆ ಲೇಸರ್ ಮದ್ದಲ್ಲ. ಎರಡನೆಯದು, ಕನ್ನಡಕದ ಅಂಗಡಿಯಲ್ಲಿ ಮತ್ತೆ ಮತ್ತೆ ನಂಬರ್ ಬದಲಿಸಿಕೊಳ್ಳುವುದು. ಪೊರೆ ಆಪರೇಷನ್ ಆದವರ ನಂಬರ್ ಒಮ್ಮೆ ನಿಂತ ಮೇಲೆ ಥಟ್ಟನೆ ಬದಲಾಗಬಾರದು. ಬದಲಾದರೆ ಹೊಸ ಕನ್ನಡಕಕ್ಕೆ ಮೊದಲು ಡಾಕ್ಟರರ ಬಳಿ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿ.

ಹಂತ 2: ಹಳೆಯ ಕಾಗದ ಹುಡುಕಿ

ಇದು ಅತ್ಯಂತ ಸುಲಭದ ಹಂತ, ಆದರೆ ಹೆಚ್ಚು ಜನ ಕಡೆಗಣಿಸುವುದೂ ಇದನ್ನೇ. ಪೊರೆ ಆಪರೇಷನ್ ಆದಾಗ ಆಸ್ಪತ್ರೆಯವರು ಒಂದು ಚಿಕ್ಕ ಕಾರ್ಡ್ ಕೊಟ್ಟಿರುತ್ತಾರೆ, ಇಲ್ಲವೇ ಡಿಸ್‌ಚಾರ್ಜ್ ಚೀಟಿಯ ಮೇಲೆ ಲೆನ್ಸಿನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಲೆನ್ಸಿನ ಕಂಪನಿ, ಮಾಡೆಲ್, ಪವರ್ ಅದರಲ್ಲಿರುತ್ತದೆ. ಪವರ್ ಎಂದರೆ ಡಯಾಪ್ಟರ್ ಲೆಕ್ಕದ ಲೆನ್ಸಿನ ಶಕ್ತಿ.

ಈ ಕಾರ್ಡಿಗೆ ಇಷ್ಟು ಬೆಲೆ ಏಕೆ? ಇರುವ ಲೆನ್ಸನ್ನೇ ಮತ್ತೆ ಕಟ್ಟಬಹುದೇ, ತೆಗೆದು ಬೇರೆ ಹಾಕಬೇಕೇ ಎನ್ನುವುದು ಮಾಡೆಲ್ ಮೇಲೆ ನಿಂತಿದೆ. ಮೂರು ತುಂಡಿನ ಲೆನ್ಸಿಗೆ, ಅಂದರೆ ಬಿಲ್ಲೆಗೆ ತಂತಿಯಂಥ ಕಾಲುಗಳನ್ನು ಬೇರೆಯಾಗಿ ಜೋಡಿಸಿದ ಲೆನ್ಸಿಗೆ, ಹೊಲಿಗೆ ಹಾಕುವುದು ಅಥವಾ ಅದರ ಕಾಲುಗಳನ್ನು ಕಣ್ಣಿನ ಗೋಡೆಯೊಳಗೆ ಸೇರಿಸುವುದು ಸುಲಭ. ಬಿಲ್ಲೆ, ಕಾಲು ಎಲ್ಲವೂ ಒಂದೇ ಮೆತ್ತನೆಯ ಅಕ್ರಿಲಿಕ್‌ನಿಂದ ಆದ ಲೆನ್ಸ್ ಚೀಲದೊಳಗೆ ಇರಲೆಂದೇ ಮಾಡಿದ್ದು. ಅದರ ದಪ್ಪ ಕಾಲುಗಳು ಚೀಲದ ಹೊರಗೆ ಕೂತರೆ ಐರಿಸ್‌ಗೆ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪದರಕ್ಕೆ, ಉಜ್ಜಿ ಉರಿಯೂತ, ರಕ್ತಸ್ರಾವ, ಒತ್ತಡ ತರಬಹುದು. ಹಾಗಾಗಿ ಆ ಲೆನ್ಸ್ ಚೀಲದಿಂದ ಹೊರಬಂದಿದ್ದರೆ ಬದಲಿಸುವುದೇ ಲೇಸು ಎಂದು ಬಹಳಷ್ಟು ಸರ್ಜನ್‌ಗಳು ಹೇಳುತ್ತಾರೆ.

ಕಾರ್ಡ್ ಕಳೆದಿದ್ದರೆ ಹಿಂದಿನ ಆಸ್ಪತ್ರೆಗೆ ಫೋನ್ ಮಾಡಿ, ಆಪರೇಷನ್ ವರ್ಷ ಹೇಳಿ ಕೇಳಿ. ಶಿಬಿರದಲ್ಲಿ ಆಪರೇಷನ್ ಆಗಿದ್ದರೆ ಶಿಬಿರ ನಡೆಸಿದ ಆಸ್ಪತ್ರೆಯನ್ನು ಕೇಳಿ. ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ಲೆನ್ಸಿನ ಆಕಾರ ನೋಡಿಯೇ ಸರ್ಜನ್ ಒಂದಷ್ಟು ಅಂದಾಜು ಮಾಡುತ್ತಾರೆ.

ಇದರ ಜೊತೆಗೆ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಬರೆದಿಡಿ. ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್, ಈ ಎರಡನ್ನು ಮರೆಯದೆ ಹೇಳಿ. ಎರಡನೆಯದು ಆಪರೇಷನ್ ಸಮಯದಲ್ಲಿ ಐರಿಸನ್ನು ಸಡಿಲಗೊಳಿಸಿ ಕೆಲಸ ಕಷ್ಟ ಮಾಡುತ್ತದೆ.

ಹಂತ 3: ಸರಿಯಾದ ಆಸ್ಪತ್ರೆ, ಸರಿಯಾದ ಪರೀಕ್ಷೆಗಳು

ಪೊರೆ ಆಪರೇಷನ್ ಈಗ ತಾಲ್ಲೂಕು ಮಟ್ಟದಲ್ಲೂ ಆಗುತ್ತದೆ. ಜಾರಿದ ಲೆನ್ಸಿನ ಆಪರೇಷನ್ ಹಾಗಲ್ಲ. ವಿಟ್ರಿಯೊ-ರೆಟಿನಾ ಸರ್ಜನ್, ಅಂದರೆ ಕಣ್ಣಿನ ಹಿಂಭಾಗದ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಯನ್ನೇ ಆರಿಸಿ. ಲೆನ್ಸ್ ಎತ್ತುವಾಗ ರೆಟಿನಾದಲ್ಲಿ ತೂತು ಕಂಡರೆ ಅಲ್ಲೇ, ಆಗಲೇ ಸರಿಪಡಿಸುವವರು ಬೇಕು. ಬೆಂಗಳೂರಿನ ಮಿಂಟೊ ಆಸ್ಪತ್ರೆಯಂಥ ಸರ್ಕಾರಿ ಕಣ್ಣಾಸ್ಪತ್ರೆ, ವೈದ್ಯಕೀಯ ಕಾಲೇಜುಗಳ ನೇತ್ರ ವಿಭಾಗ, ದೊಡ್ಡ ಟ್ರಸ್ಟ್ ಹಾಗೂ ಖಾಸಗಿ ಕಣ್ಣಾಸ್ಪತ್ರೆ, ಎಲ್ಲಿಗೆ ಹೋದರೂ ಮೊದಲ ಪ್ರಶ್ನೆ ಇದೇ ಇರಲಿ: "ಇಲ್ಲಿ ರೆಟಿನಾ ಸರ್ಜನ್ ಇದ್ದಾರೆಯೇ? ಇಂಥ ಆಪರೇಷನ್ ಅವರು ಆಗಾಗ ಮಾಡುತ್ತಾರೆಯೇ?" ಹೀಗೆ ಕೇಳಲು ಸಂಕೋಚ ಬೇಡ.

ಮಾಡಬೇಕಾದ ಪರೀಕ್ಷೆಗಳು ಇವು. ಸ್ಲಿಟ್ ಲ್ಯಾಂಪ್, ಅಂದರೆ ಗಲ್ಲ ಇಟ್ಟು ಕೂರಿಸಿ ನೋಡುವ ಸೂಕ್ಷ್ಮದರ್ಶಕ. ಕಣ್ಣಿನ ಒತ್ತಡದ ಅಳತೆ. ಪಾಪೆ ಹಿಗ್ಗಿಸಿ ಅಂಚಿನವರೆಗೂ ರೆಟಿನಾ ನೋಡುವುದು. ರಕ್ತ ಅಥವಾ ಮಬ್ಬಿನಿಂದ ಒಳಗೆ ಕಾಣದಿದ್ದರೆ ಬಿ-ಸ್ಕ್ಯಾನ್, ಅಂದರೆ ಕಣ್ಣಿನ ಅಲ್ಟ್ರಾಸೌಂಡ್. ರೆಟಿನಾದ ನಡುಭಾಗವಾದ ಮ್ಯಾಕುಲಾದಲ್ಲಿ ಊತ ಇದೆಯೇ ಎಂದು ತಿಳಿಯಲು ಓಸಿಟಿ ಸ್ಕ್ಯಾನ್. ಕಾರ್ನಿಯಾದ ಒಳಪದರದ ಜೀವಕೋಶಗಳ ಎಣಿಕೆ. ಕೋಶ ಕಡಿಮೆ ಇದ್ದವರ ಕಾರ್ನಿಯಾ ಮತ್ತೊಂದು ಆಪರೇಷನ್ ತಡೆಯದೆ ಮಬ್ಬಾಗಬಹುದು, ಹಾಗಾಗಿ ಯಾವ ವಿಧಾನ ಎನ್ನುವುದನ್ನು ಇದೂ ನಿರ್ಧರಿಸುತ್ತದೆ. ಹೊಸ ಲೆನ್ಸ್ ಬೇಕಾದೀತು ಎಂದು ಬಯೋಮೆಟ್ರಿ, ಅಂದರೆ ಲೆನ್ಸಿನ ಪವರ್ ಲೆಕ್ಕಕ್ಕೆ ಕಣ್ಣಿನ ಅಳತೆ.

ಕೆಲವು ಡಾಕ್ಟರರು ಅಂಗಾತ ಮಲಗಿಸಿಯೂ ನೋಡುತ್ತಾರೆ. ಕೂತಾಗ ಪಾಪೆಯ ಹಿಂದೆ ಕಾಣುವ ಲೆನ್ಸ್ ಮಲಗಿದಾಗ ಹಿಂದಕ್ಕೆ ವಾಲುತ್ತದೆ, ಆಪರೇಷನ್ ಟೇಬಲ್ ಮೇಲೆ ಅದು ಎಲ್ಲಿರುತ್ತದೆ ಎನ್ನುವುದು ಹೀಗೆ ಮೊದಲೇ ಗೊತ್ತಾಗುತ್ತದೆ.

ಖರ್ಚಿನ ಮಾತು. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಭೇಟಿ ಮಾಡಿ. ಪೊರೆ ಆಪರೇಷನ್ ಯೋಜನೆಯಲ್ಲಿದೆ ಎಂದಮಾತ್ರಕ್ಕೆ ಇದೂ ಇದೆ ಎಂದುಕೊಳ್ಳಬೇಡಿ. ನಿಮ್ಮ ಆಪರೇಷನ್ ಹೆಸರು ಹೇಳಿ, ರೆಫರಲ್ ಚೀಟಿ ಬೇಕೇ ಎಂದು ಕೇಳಿ. ಖಾಸಗಿ ವಿಮೆ ಇದ್ದರೆ ವಿಟ್ರೆಕ್ಟಮಿ (ಕಣ್ಣೊಳಗಿನ ಲೋಳೆ ತೆಗೆಯುವುದು), ಲೆನ್ಸ್, ಹೊಲಿಗೆ ಅಥವಾ ಅಂಟು ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದ ಅಂದಾಜು ಪಟ್ಟಿ ಪಡೆದು, ಪೂರ್ವಾನುಮತಿ ಬಂದ ಮೇಲೆ ದಾಖಲಾಗಿ.

ಹಂತ 4: ಆಪರೇಷನ್ ಬೇಕೇ, ಬೇಕಾದರೆ ಯಾವುದು?

ನಿಜವಾದ ಚರ್ಚೆ ನಡೆಯಬೇಕಾದದ್ದು ಇಲ್ಲಿ. ಇಲ್ಲಿ ಅವಸರ ಮಾಡಬೇಡಿ. ಆಯ್ಕೆಗಳು ನಾಲ್ಕು.

ಕಾದು ನೋಡುವುದು. ಲೆನ್ಸ್ ಸ್ವಲ್ಪ ಮಾತ್ರ ಸರಿದು, ದೃಷ್ಟಿ ಚೆನ್ನಾಗಿದ್ದು, ಒತ್ತಡ ಮತ್ತು ರೆಟಿನಾ ಸರಿಯಿದ್ದರೆ ಸುಮ್ಮನೆ ಗಮನದಲ್ಲಿಡಬಹುದು. ತೀರಾ ವಯಸ್ಸಾಗಿ, ಆಪರೇಷನ್ ತಾಳದ ದೇಹಸ್ಥಿತಿಯವರಲ್ಲಿ ಪೂರ್ತಿ ಬಿದ್ದ ಲೆನ್ಸನ್ನೂ ತೊಂದರೆ ಕೊಡದಿದ್ದರೆ ಹಾಗೇ ಬಿಡುವುದುಂಟು. ಆದರೆ ಕಾದು ನೋಡುವುದು ಎಂದರೆ ಮರೆತುಬಿಡುವುದಲ್ಲ. ಮುಂದಿನ ತಪಾಸಣೆಯ ತಾರೀಖು ಕೈಯಲ್ಲಿರಬೇಕು. ಬಿಗಿ ಬಿಟ್ಟ ಎಳೆಗಳು ತಾವಾಗಿ ಮತ್ತೆ ಬಿಗಿಯಾಗುವುದಿಲ್ಲ. ಪೂರ್ತಿ ಬೀಳುವ ಮೊದಲೇ ಕಟ್ಟಿದರೆ ಆಪರೇಷನ್ ಚಿಕ್ಕದಾಗುತ್ತದೆ, ಆದ್ದರಿಂದ ತಪಾಸಣೆಯಿಂದ ತಪಾಸಣೆಗೆ ಲೆನ್ಸ್ ಇಳಿಯುತ್ತಾ ಹೋಗುತ್ತಿದ್ದರೆ ಇನ್ನೂ ಕಾಯುವುದರಲ್ಲಿ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇರುವ ಲೆನ್ಸನ್ನೇ ಸರಿ ಜಾಗದಲ್ಲಿ ಕೂರಿಸುವುದು. ಇದಕ್ಕೆ ರೀಪೊಸಿಷನ್ ಎನ್ನುತ್ತಾರೆ. ದೊಡ್ಡ ಗಾಯ ಬೇಡ, ಕಾರ್ನಿಯಾಗೆ ಪೆಟ್ಟು ಕಡಿಮೆ, ಹಳೆಯ ಪವರ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಪೊರೆ ಆಪರೇಷನ್ ಆದ ಮೊದಲ ವಾರಗಳಲ್ಲೇ ಜಾರಿದ್ದು, ಚೀಲ ಚೆನ್ನಾಗಿದ್ದರೆ ಲೆನ್ಸನ್ನು ತಿರುಗಿಸಿ ಮತ್ತೆ ಚೀಲದೊಳಗೆ ಇಳಿಸುವುದಷ್ಟೇ ಸಾಕಾಗಬಹುದು. ತಡವಾದರೆ ಚೀಲದ ಬಾಯಿ ಅಂಟಿಕೊಳ್ಳುತ್ತದೆ. ಹೊಸದಾಗಿ ಆಪರೇಷನ್ ಆದವರು ದೃಷ್ಟಿ ಏರುಪೇರಾದರೆ ಮುಂದಿನ ತಪಾಸಣೆ ದಿನದವರೆಗೆ ಕಾಯಬಾರದು ಎನ್ನುವುದು ಇದಕ್ಕೇ.

ಲೆನ್ಸ್ ಬದಲಿಸುವುದು. ಕಾಲು ಮುರಿದಿದ್ದರೆ, ಮಾಡೆಲ್ ಹೊಲಿಗೆಗೆ ಒಗ್ಗದಿದ್ದರೆ, ಲೆನ್ಸ್ ಮಬ್ಬಾಗಿದ್ದರೆ, ಪವರ್ ಮೊದಲೇ ತಪ್ಪಾಗಿದ್ದರೆ ಇದು ಸರಿ. ಹಳೆಯ ಗಟ್ಟಿ ಪಿಎಂಎಂಎ ಪ್ಲಾಸ್ಟಿಕ್ ಲೆನ್ಸ್ ಮಡಚುವುದಿಲ್ಲ, ತೆಗೆಯಲು ಸುಮಾರು 6 ಮಿಲಿಮೀಟರ್ ಗಾಯ ಬೇಕು. ಮಡಚುವ ಲೆನ್ಸನ್ನು ಕಣ್ಣೊಳಗೇ ಕತ್ತರಿಸಿ 3 ಮಿಲಿಮೀಟರ್ ಆಸುಪಾಸಿನ ಗಾಯದಿಂದ ತೆಗೆಯಬಹುದು.

ತೆಗೆದು ಹಾಗೇ ಬಿಡುವುದು. "ಲೆನ್ಸ್ ತೆಗೆದುಬಿಡಿ, ಕನ್ನಡಕ ಹಾಕಿಕೊಳ್ಳುತ್ತೇವೆ" ಎಂದು ಕೇಳುವವರಿದ್ದಾರೆ. ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲದಲ್ಲಿ ಪೊರೆ ತೆಗೆಸಿಕೊಂಡ ಅಜ್ಜ-ಅಜ್ಜಿಯರ ದಪ್ಪ ಕನ್ನಡಕ ಅವರ ಮನಸ್ಸಿನಲ್ಲಿರುತ್ತದೆ. ಲೆನ್ಸೇ ಇಲ್ಲದ ಕಣ್ಣಿಗೆ ಸುಮಾರು +10 ಡಯಾಪ್ಟರ್ ಕನ್ನಡಕ ಬೇಕು, ಅದು ವಸ್ತುವನ್ನು ಕಾಲುಭಾಗದಷ್ಟು ದೊಡ್ಡದಾಗಿ ತೋರಿಸುತ್ತದೆ. ಎರಡೂ ಕಣ್ಣು ಹಾಗಿದ್ದರೆ ಹೇಗೋ ಒಗ್ಗಿಹೋಗುತ್ತದೆ. ಒಂದು ಕಣ್ಣಲ್ಲಿ ಲೆನ್ಸ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡು ಬೇರೆ ಗಾತ್ರದ ಚಿತ್ರಗಳನ್ನು ಮಿದುಳು ಜೋಡಿಸಲಾರದು, ತಲೆ ತಿರುಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಈ ವ್ಯತ್ಯಾಸ ಬಹಳ ತಗ್ಗುತ್ತದೆ, ಆದರೆ ನಡುಗುವ ಕೈಯ ಹಿರಿಯರಿಗೆ ದಿನವೂ ಅದನ್ನು ಹಾಕಿ ತೆಗೆಯುವುದು ಕಷ್ಟ.

ಸರ್ಜನ್‌ರನ್ನು ಕೇಳಲೇಬೇಕಾದ ಮೂರು ಪ್ರಶ್ನೆಗಳು: ನನ್ನ ಲೆನ್ಸನ್ನೇ ಉಳಿಸುತ್ತೀರಾ, ಬದಲಿಸುತ್ತೀರಾ, ಏಕೆ? ಹೇಗೆ ಕಟ್ಟುತ್ತೀರಿ? ಒಳಗೆ ಹೋದ ಮೇಲೆ ಯೋಜನೆ ಬದಲಾದರೆ ಬೇರೆ ಲೆನ್ಸ್ ಸಿದ್ಧವಿರುತ್ತದೆಯೇ? ಮೂರನೆಯದನ್ನು ಒತ್ತಿ ಕೇಳಿ. ಒಪ್ಪಿಗೆ ಪತ್ರದಲ್ಲಿ ಎರಡೂ ಸಾಧ್ಯತೆ ಬರೆದಿರಲಿ.

ಹಂತ 5: ಕಟ್ಟುವ ವಿಧಾನಗಳನ್ನು ತಿಳಿದುಕೊಳ್ಳಿ

ಚೀಲದ ಆಸರೆ ಹೋದ ಮೇಲೆ ಲೆನ್ಸನ್ನು ಬೇರೆಲ್ಲಿಗಾದರೂ ಕಟ್ಟಬೇಕು. ಹೆಚ್ಚಾಗಿ ಸ್ಕ್ಲೀರಾಕ್ಕೆ, ಅಂದರೆ ಕಣ್ಣಿನ ಬಿಳಿ ಗೋಡೆಗೆ ಕಟ್ಟುತ್ತಾರೆ.

ಹೊಲಿಗೆ ವಿಧಾನದಲ್ಲಿ ಕಾರ್ನಿಯಾದ ಅಂಚಿನಿಂದ ಸುಮಾರು 2 ಮಿಲಿಮೀಟರ್ ಹಿಂದೆ, ಎದುರುಬದುರು ಎರಡು ಕಡೆ ದಾರ ತೂರಿಸಿ ಲೆನ್ಸಿನ ಕಾಲಿಗೆ ಕುಣಿಕೆ ಹಾಕಿ ಬಿಗಿಯುತ್ತಾರೆ. ಲೆನ್ಸ್ ಚೀಲದೊಳಗೇ ಇದ್ದರೆ ಚೀಲವನ್ನೂ ಸೇರಿಸಿಯೇ ಕುಣಿಕೆ ಹಾಕಬಹುದು. ಹಿಂದೆ ಹೆಚ್ಚಾಗಿ 10-0 ಅಳತೆಯ ಪಾಲಿಪ್ರೊಪಿಲಿನ್ ದಾರ ಬಳಸುತ್ತಿದ್ದರು, ಅದು ಕೆಲವು ವರ್ಷಗಳ ಮೇಲೆ ಸವೆದು ತುಂಡಾಗಿ ಲೆನ್ಸ್ ಮತ್ತೆ ಬಿದ್ದ ಉದಾಹರಣೆಗಳಿವೆ. ಹಾಗಾಗಿ ಈಗ ಹಲವರು ದಪ್ಪನೆಯ 9-0 ದಾರ ಅಥವಾ ಗೋರ್-ಟೆಕ್ಸ್ ದಾರ ಬಳಸುತ್ತಾರೆ. ಚಿಕ್ಕ ವಯಸ್ಸಿನ ರೋಗಿಯಾದರೆ ಯಾವ ದಾರ ಎಂದು ಕೇಳುವುದು ನ್ಯಾಯ, ಅವರ ಮುಂದೆ ಇನ್ನೂ ಹಲವು ದಶಕಗಳಿವೆ.

ಹೊಲಿಗೆಯೇ ಇಲ್ಲದ ವಿಧಾನಗಳೂ ಇವೆ. ಅವುಗಳಲ್ಲಿ ಒಂದು ನಮ್ಮ ನೆರೆಯ ಚೆನ್ನೈಯಲ್ಲೇ ರೂಪುಗೊಂಡದ್ದು. ಡಾ. ಅಮರ್ ಅಗರ್‌ವಾಲ್ 2007ರಲ್ಲಿ ಆರಂಭಿಸಿದ ಈ ವಿಧಾನಕ್ಕೆ ಗ್ಲೂಡ್ ಐಓಎಲ್ ಎಂದು ಹೆಸರು. ಐಓಎಲ್ ಎಂದರೆ ಕಣ್ಣೊಳಗಿನ ಕೃತಕ ಲೆನ್ಸ್. ಬಿಳಿ ಗೋಡೆಯಲ್ಲಿ ಎರಡು ಸಣ್ಣ ಪದರ ಎಬ್ಬಿಸಿ, ಲೆನ್ಸಿನ ಕಾಲುಗಳನ್ನು ಹೊರತಂದು ಗೋಡೆಯ ಸುರಂಗದೊಳಗೆ ಸೇರಿಸಿ, ಪದರವನ್ನು ಫೈಬ್ರಿನ್ ಅಂಟಿನಿಂದ, ಅಂದರೆ ರಕ್ತದ ಪ್ರೋಟೀನಿನಿಂದ ಆದ ಅಂಟಿನಿಂದ ಮುಚ್ಚುತ್ತಾರೆ. ಲೆನ್ಸನ್ನು ಹಿಡಿಯುವುದು ಸುರಂಗವೇ, ಅಂಟಿನ ಕೆಲಸ ಪದರ ಮುಚ್ಚುವುದು. "ಅಂಟು ಬಿಟ್ಟುಹೋದರೆ?" ಎಂದು ಹೆದರುವವರು ಇದನ್ನು ಗಮನಿಸಿ. ಇನ್ನೊಂದು ಜಪಾನಿನ ಡಾ. ಶಿನ್ ಯಮಾನೆ 2017ರಲ್ಲಿ ಪ್ರಕಟಿಸಿದ ವಿಧಾನ. 30 ಗೇಜ್‌ನ ಅತಿ ಸಣ್ಣ ಸೂಜಿಗಳ ಮೂಲಕ ಕಾಲುಗಳನ್ನು ಹೊರತಂದು, ತುದಿಯನ್ನು ಬಿಸಿಯಿಂದ ಕರಗಿಸಿ ಗುಂಡಿಯಂತೆ ಮಾಡಿ ಗೋಡೆಯೊಳಗೆ ಹುದುಗಿಸುತ್ತಾರೆ. ಎರಡಕ್ಕೂ ಮೂರು ತುಂಡಿನ ಲೆನ್ಸ್ ಅನುಕೂಲ. ಬಿದ್ದಿರುವುದು ಅದೇ ಬಗೆಯದಾಗಿದ್ದರೆ ಅದನ್ನೇ ಎತ್ತಿ ಹೀಗೆ ಕೂರಿಸಬಹುದು.

ಇವಲ್ಲದೆ ಐರಿಸ್‌ಗೆ ಹೊಲಿಯುವುದು, ಐರಿಸ್ ಕಚ್ಚಿ ಹಿಡಿಯುವ ಐರಿಸ್-ಕ್ಲಾ ಲೆನ್ಸ್ ಹಾಕುವುದು ಇವೆ. ಯಾವುದು ಎಲ್ಲಕ್ಕಿಂತ ಒಳ್ಳೆಯದು ಎಂದು ಹುಡುಕುತ್ತಾ ವಿಡಿಯೊಗಳ ಮುಂದೆ ಕೂರಬೇಡಿ. ನಿಮ್ಮ ಸರ್ಜನ್‌ರ ಕೈ ಪಳಗಿರುವ ವಿಧಾನವೇ ನಿಮಗೆ ಹೆಚ್ಚು ಸುರಕ್ಷಿತ.

ಹಂತ 6: ಆಪರೇಷನ್ ದಿನ

ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಪ್ರಾಣಾಪಾಯ. ಹೃದಯದ ಡಾಕ್ಟರು ಮತ್ತು ಕಣ್ಣಿನ ಡಾಕ್ಟರು ಸೇರಿ ತೀರ್ಮಾನಿಸಲಿ. ಕೆಮ್ಮು, ನೆಗಡಿ, ಕಣ್ಣಿನ ಕೀವು, ಹಲ್ಲಿನ ಸೋಂಕು ಇದ್ದರೆ ಮೊದಲೇ ಹೇಳಿ, ಆಪರೇಷನ್ ಮುಂದೂಡಬೇಕಾಗಬಹುದು.

ಸಾಮಾನ್ಯವಾಗಿ ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ಪೊರೆ ಆಪರೇಷನ್‌ಗಿಂತ ಹೆಚ್ಚು ಹೊತ್ತು, ಒಂದು ಗಂಟೆಯ ಆಸುಪಾಸು ಅಥವಾ ಇನ್ನೂ ಹೆಚ್ಚು, ಅಲ್ಲಾಡದೆ ಅಂಗಾತ ಮಲಗಬೇಕು. ಬೆನ್ನುನೋವು, ಉಬ್ಬಸ ಇರುವವರು ಮೊದಲೇ ತಿಳಿಸಿ.

ಒಳಗೆ ನಡೆಯುವ ಕ್ರಮ ಹೀಗೆ. ಬಿಳಿ ಗೋಡೆಯಲ್ಲಿ ಮೂರು ಸಣ್ಣ ರಂಧ್ರ ಮಾಡುತ್ತಾರೆ. ಮೊದಲು ವಿಟ್ರೆಕ್ಟಮಿ, ಅಂದರೆ ಲೆನ್ಸಿನ ಸುತ್ತಲಿನ ಲೋಳೆಯನ್ನು ಕತ್ತರಿಸಿ ತೆಗೆಯುವುದು. ಇದನ್ನು ಮಾಡದೆ ಲೆನ್ಸ್ ಎಳೆದರೆ ಲೋಳೆ ರೆಟಿನಾವನ್ನೂ ಜಗ್ಗಿ ಹರಿಯುತ್ತದೆ. ಆ ನಂತರ ಚಿಮುಟದಿಂದ ಲೆನ್ಸ್ ಹಿಡಿದು ಮೆಲ್ಲಗೆ ಮೇಲಕ್ಕೆತ್ತುತ್ತಾರೆ. ಕೆಲವೊಮ್ಮೆ ನೀರಿಗಿಂತ ಭಾರವಾದ ದ್ರವ ಬಿಟ್ಟು ಲೆನ್ಸನ್ನು ರೆಟಿನಾದಿಂದ ಮೇಲಕ್ಕೆ ತೇಲಿಸುತ್ತಾರೆ. ಪಾಪೆಯ ಹಿಂದೆ ತಂದು ಕಟ್ಟಿ, ನೇರವಾಗಿದೆಯೇ, ನಡುವಿಗಿದೆಯೇ ನೋಡಿ, ರೆಟಿನಾದ ಅಂಚನ್ನು ಸುತ್ತ ಪರೀಕ್ಷಿಸಿ ಮುಗಿಸುತ್ತಾರೆ. ತೂತು ಕಂಡರೆ ಲೇಸರ್ ಹಾಕಿ, ಬೇಕಾದರೆ ಕಣ್ಣೊಳಗೆ ಗಾಳಿ ಅಥವಾ ಗ್ಯಾಸ್ ತುಂಬುತ್ತಾರೆ.

ಹಂತ 7: ಮನೆಗೆ ಬಂದ ಮೇಲೆ

ನಾಲ್ಕಾರು ವಾರ ಆ್ಯಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಹನಿಗಳು ಇರುತ್ತವೆ. ಸ್ಟೀರಾಯ್ಡ್ ಹನಿಯನ್ನು ಹೇಳಿದ ಕ್ರಮದಲ್ಲೇ ಇಳಿಸಿ. ಚೆನ್ನಾಗಿ ಕಾಣುತ್ತಿದೆ ಎಂದು ಮಧ್ಯೆ ಬಿಡಬೇಡಿ, ಡಾಕ್ಟರನ್ನು ಕೇಳದೆ ಮುಂದುವರಿಸಲೂ ಬೇಡಿ, ಒತ್ತಡ ಏರಬಹುದು. ರಾತ್ರಿ ಪ್ಲಾಸ್ಟಿಕ್ ಶೀಲ್ಡ್ ಕಟ್ಟಿಕೊಳ್ಳಿ. ಡಾಕ್ಟರು ಅನುಮತಿ ಕೊಡುವವರೆಗೆ ತಲೆಗೆ ಸ್ನಾನ, ಭಾರ ಎತ್ತುವುದು, ಬಗ್ಗಿ ಕೆಲಸ ಮಾಡುವುದು, ಒಲೆಯ ಹೊಗೆ, ದೂಳಿನ ಬೈಕ್ ಸವಾರಿ ಬೇಡ.

ಕಣ್ಣೊಳಗೆ ಗ್ಯಾಸ್ ಅಥವಾ ಗಾಳಿ ತುಂಬಿದ್ದರೆ ಅದು ಕರಗುವವರೆಗೆ ವಿಮಾನ ಹತ್ತಬಾರದು. ಎತ್ತರಕ್ಕೆ ಹೋದಂತೆ ಗುಳ್ಳೆ ಹಿಗ್ಗಿ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಮಕ್ಕಳನ್ನು ನೋಡಲು ವಿದೇಶಕ್ಕೆ ಟಿಕೆಟ್ ಮಾಡಿಸಿದ್ದರೆ ಆಪರೇಷನ್‌ಗೆ ಮೊದಲೇ ಹೇಳಿ. ರಸ್ತೆಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿ ಊರಿಗೆ ಹೋಗುವವರು ಹೊರಡುವ ಮುನ್ನ ಡಾಕ್ಟರನ್ನು ಕೇಳಿಯೇ ಹೊರಡಿ. ಗ್ಯಾಸ್ ಇದೆ ಎಂಬುದನ್ನು ಬೇರೆ ಯಾವುದೇ ಆಪರೇಷನ್‌ಗೆ ಅರಿವಳಿಕೆ ಕೊಡುವ ಡಾಕ್ಟರಿಗೂ ತಿಳಿಸಬೇಕು.

ದೃಷ್ಟಿ ಮರುದಿನವೇ ಮರಳದು. ಪೊರೆ ಆಪರೇಷನ್ ಆದ ಬೆಳಿಗ್ಗೆ ಎಲ್ಲ ಪಳಪಳ ಕಂಡಿದ್ದನ್ನು ನೆನೆದು ಬೇಸರಪಡುವವರು ಬಹಳ. ಇಲ್ಲಿ ಮೊದಲ ದಿನಗಳು ಮಂಜಾಗಿರುವುದು ಸಹಜ, ಸ್ವಲ್ಪ ರಕ್ತ ತೇಲುವುದೂ ಉಂಟು. ಕನ್ನಡಕದ ನಂಬರ್ 6–8 ವಾರಗಳ ನಂತರ ತೆಗೆಸಿ. ನಂಬರ್ ಬಂದೇ ಬರುತ್ತದೆ ಎಂದುಕೊಳ್ಳಿ: ಲೆನ್ಸ್ ಮೊದಲಿಗಿಂತ 1 ಮಿಲಿಮೀಟರ್ ಮುಂದೆ ಕೂತರೂ ಸಾಮಾನ್ಯವಾಗಿ ಒಂದು ಡಯಾಪ್ಟರ್‌ಗಿಂತ ಹೆಚ್ಚು ಮೈನಸ್ ಆಗುತ್ತದೆ.

ಆಗಬಹುದಾದ ತೊಂದರೆಗಳನ್ನು ಮುಚ್ಚಿಡುವುದು ಸರಿಯಲ್ಲ. ಮ್ಯಾಕುಲಾದ ಊತ, ಒತ್ತಡದ ಏರಿಳಿತ, ಕಣ್ಣೊಳಗೆ ರಕ್ತ, ಲೆನ್ಸ್ ವಾಲುವುದು, ರೆಟಿನಾ ಕಳಚುವುದು, ಅಪರೂಪಕ್ಕೆ ಸೋಂಕು. ಊತ ಕೆಲವು ವಾರಗಳ ಮೇಲೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಹನಿ ಅಥವಾ ಇಂಜೆಕ್ಷನ್‌ನಿಂದ ಇಳಿಯುತ್ತದೆ. ಆದರೆ ನೋವು ದಿನದಿನಕ್ಕೆ ಹೆಚ್ಚಾಗುವುದು, ಬಂದ ದೃಷ್ಟಿ ಮತ್ತೆ ಕುಸಿಯುವುದು, ಕೀವು, ಮಿಂಚು, ಪರದೆ ಇವು ಕಂಡರೆ ಫೋನಿನಲ್ಲಿ ಕೇಳುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ವರ್ಷಗಳ ನಂತರವೂ ಬಿಳಿ ಭಾಗದಲ್ಲಿ ದಾರದ ತುದಿ ಚುಚ್ಚಿದಂತಾದರೆ, ಅಥವಾ ಅಲ್ಲಿ ಲೆನ್ಸಿನ ಕಾಲು ಕಂಡರೆ ತೋರಿಸಿ. ಹೊರಗೆ ಇಣುಕಿದ ದಾರ ಸೋಂಕಿಗೆ ಒಳದಾರಿ.

"ಎಂಆರ್‌ಐ ಮಾಡಿಸಬಹುದೇ?" ಎಂಬುದಕ್ಕೆ ಉತ್ತರ: ಇಂದಿನ ಅಕ್ರಿಲಿಕ್, ಪಿಎಂಎಂಎ ಲೆನ್ಸ್‌ಗಳಲ್ಲಿ, ಮೇಲೆ ಹೇಳಿದ ದಾರಗಳಲ್ಲಿ ಲೋಹ ಇರುವುದಿಲ್ಲ, ಅದರಿಂದ ತೊಂದರೆಯಿಲ್ಲ. ಆದರೂ ಸ್ಕ್ಯಾನ್ ಮಾಡುವವರಿಗೆ ಕಣ್ಣಿನ ಆಪರೇಷನ್ ಆಗಿದೆ ಎಂದು ಹೇಳಿ.

ಹಂತ 8: ಇನ್ನೊಂದು ಕಣ್ಣು

ಸೂಡೋಎಕ್ಸ್‌ಫೋಲಿಯೇಷನ್, ಹೆಚ್ಚಿನ ಮೈನಸ್ ನಂಬರ್, ಮಾರ್ಫಾನ್ ಇವು ಎರಡೂ ಕಣ್ಣಿಗೆ ಬರುವ ತೊಂದರೆಗಳು. ಒಂದರಲ್ಲಿ ಲೆನ್ಸ್ ಜಾರಿದ್ದರೆ ಇನ್ನೊಂದರ ಲೆನ್ಸ್ ನಡುಗುತ್ತಿದೆಯೇ ಎಂದು ಅದೇ ಭೇಟಿಯಲ್ಲಿ ನೋಡಲು ಕೇಳಿ. ಒತ್ತಡವನ್ನೂ ಎರಡೂ ಕಣ್ಣಿಗೆ ಅಳೆಸಿ. ಆ ಕಣ್ಣಿಗೆ ಪೊರೆ ಆಪರೇಷನ್ ಇನ್ನೂ ಆಗಿಲ್ಲದಿದ್ದರೆ, ಮಾಡುವ ಡಾಕ್ಟರಿಗೆ ಈ ಕಣ್ಣಿನ ಕಾಗದಗಳನ್ನೆಲ್ಲ ತೋರಿಸಿ. ಎಳೆಗಳು ಸಡಿಲ ಇರಬಹುದು ಎಂದು ಮೊದಲೇ ಗೊತ್ತಿದ್ದರೆ ಅವರು ಚೀಲವನ್ನು ಒಳಗಿನಿಂದ ಬಿಗಿಯಾಗಿ ಹಿಡಿಯುವ ಕ್ಯಾಪ್ಸುಲರ್ ಟೆನ್ಷನ್ ರಿಂಗ್ ಎಂಬ ಬಳೆಯನ್ನು ಸಿದ್ಧವಾಗಿಟ್ಟುಕೊಳ್ಳುತ್ತಾರೆ. ಪೊರೆ ತೀರಾ ಬಲಿತು ಗಟ್ಟಿಯಾಗುವವರೆಗೂ ಕಾಯಬೇಡಿ ಎಂದು ಹೇಳುತ್ತಾರೆ, ಆ ಮಾತು ಕೇಳಿ: ಗಟ್ಟಿ ಪೊರೆ ತೆಗೆಯುವಾಗ ಸಡಿಲ ಎಳೆಗಳ ಮೇಲೆ ಬೀಳುವ ಜಗ್ಗಾಟ ಹೆಚ್ಚು.